ಪ್ಲಾಸ್ಟಿಕ್ಕಿನ ಮೇಲೆ ಕೂರದ ಸೀಲು

ಮಂಗಳೂರಿನ ಮಳೆಗಾಲದಲ್ಲಿ ಕಾಗದವೆಂಬ ಕಾಗದಕ್ಕೆಲ್ಲ ಫಂಗಸ್ ಹಿಡಿಯುತ್ತದೆ. ಹಾಗಾಗಿ ನಮ್ಮಲ್ಲಿ ಮಕ್ಕಳು ಪಾಸಾದ ಕೂಡಲೇ ಸರ್ಟಿಫಿಕೇಟು ಲ್ಯಾಮಿನೇಶನ್ ಅಂಗಡಿಗೆ ಹೋಗುತ್ತದೆ. ನನ್ನ ಎಂ.ಎಸ್ಸಿ. ಪದವಿಪತ್ರವನ್ನೂ ಅಪ್ಪ ದಪ್ಪ ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ, ಮಣ್ಣಗುಡ್ಡದ ತಮ್ಮ ಹೋಟೆಲಿನಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕ ತೂಗುಹಾಕಿದ್ದರು. ಬನ್ಸ್ ತಿಂದವರೆಲ್ಲ ನನಗೆ ಬಂದ ಕ್ಲಾಸು ಯಾವುದೆಂದು ಓದಿಯೇ ಹೊರಗೆ ಹೋಗಬೇಕಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಮಸ್ಕತ್ತಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿದಾಗ ಆ ಪ್ಲಾಸ್ಟಿಕ್ಕೇ ಅಡ್ಡ ಬಂತು. ಪದವಿಪತ್ರಕ್ಕೆ ಅಪೊಸ್ಟಿಲ್ ಎಂಬ ಸೀಲು ಬೇಕು ಎಂದು ಶಾಲೆಯವರು ಬರೆದಿದ್ದರು. ಇಂಥ ಸೀಲು ಹಾಕಿಸಿಕೊಡುವ ನಂತೂರಿನ ಬಳಿಯ ಏಜೆಂಟನೊಬ್ಬ ಪದವಿಪತ್ರವನ್ನು ಉಗುರಿನಿಂದ ಕೆರೆದು ನೋಡಿ, ಸೀಲು ಕಾಗದದ ಮೇಲೆಯೇ ಕೂರಬೇಕು, ಇದು ನಡೆಯುವುದಿಲ್ಲ ಎಂದು ಹಿಂದಕ್ಕೆ ತಳ್ಳಿದ. ಬಿಸಿ ಮಾಡಿ ಬಿಡಿಸಲು ಹೋದರೆ ಅಕ್ಷರಗಳೇ ಕಿತ್ತು ಬರುತ್ತವಂತೆ.

ಈ ಸೀಲು ಎಂತಹುದೆಂದು ನನಗೆ ತಿಳಿಸಿದವರು ಹೋಟೆಲಿನ ಪಕ್ಕದ ಬಟ್ಟೆ ಅಂಗಡಿಯ ಬ್ಯಾರಿ ಹಿರಿಯರು. ಪ್ರಾಯದಲ್ಲಿ ಅವರು ಗಲ್ಫಿಗೆ ಹೊರಟಾಗ ಬೆಂಗಳೂರಿನಲ್ಲೊಂದು ಸೀಲು, ದಿಲ್ಲಿಯಲ್ಲೊಂದು, ಎಂಬೆಸಿಯಲ್ಲೊಂದು, ಅಲ್ಲಿ ಇಳಿದ ಮೇಲೆ ಮತ್ತೊಂದು. ಸರ್ಟಿಫಿಕೇಟಿನ ಬೆನ್ನಲ್ಲಿ ಜಾಗವೇ ಉಳಿದಿರಲಿಲ್ಲವಂತೆ. ಈಗ ಎಷ್ಟೋ ದೇಶಗಳು ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿವೆ. ನಿನ್ನ ಸರ್ಕಾರದ ಒಂದು ಸೀಲನ್ನು ನಾನು ನಂಬುತ್ತೇನೆ, ನನ್ನದನ್ನು ನೀನು ನಂಬು, ಅಷ್ಟೇ. ಅಂತಾರಾಷ್ಟ್ರೀಯ ಕಾನೂನು ಎಂದರೆ ಯುದ್ಧವಾದಾಗ ಟಿವಿಯವರು ಕಿರುಚಾಡುವ ವಿಷಯ ಎಂದುಕೊಂಡಿದ್ದವಳು ನಾನು. ಅದು ನನ್ನ ಪದವಿಪತ್ರದ ಬೆನ್ನ ಮೇಲೆ ಕೂರುವಷ್ಟು ಸಣ್ಣದೂ ಆಗಿರಬಹುದೆಂದು ಗೊತ್ತಿರಲಿಲ್ಲ.

ಹೊಸ ಪ್ರತಿ ಬೇಕೆಂದರೆ ಹಾಳಾದ ಮೂಲ ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ತಿಂಗಳುಗಟ್ಟಲೆ ಕಾಯಬೇಕು. ಶಾಲೆ ಅಷ್ಟು ದಿನ ಕಾಯುವ ಹಾಗೆ ಕಾಣಲಿಲ್ಲ. ಏಜೆಂಟನಲ್ಲಿ ಒಳದಾರಿ ಇತ್ತು.

"ಅದೆಂತ ದೊಡ್ಡ ವಿಷಯ ಅಲ್ಲ. ಬಸ್ಸಲ್ಲಿ ಕಳೆದುಹೋಯ್ತು ಅಂತ ಸ್ಟೇಶನ್ನಲ್ಲಿ ಒಂದು ಕಂಪ್ಲೇಂಟ್ ಕೊಡಿ. ಡೂಪ್ಲಿಕೇಟ್ ಬೇಗ ಸಿಗ್ತದೆ."

ಅಪ್ಪ ತಕ್ಷಣ ಒಪ್ಪಿಬಿಟ್ಟರು. ತಪ್ಪು ತನ್ನದು, ಸುಳ್ಳಿನ ಪಾಪವೂ ತನಗೇ ಇರಲಿ ಎಂದರು. ಮಗಳ ಕೆಲಸ ತನ್ನ ಕೈಯಾರೆ ಹೋಯಿತಲ್ಲ ಎಂದು ಅವರು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು.

"ಅಪ್ಪ, ಇದರ ಕೆಳಗೆ ಸುಳ್ಳಿಲ್ಲ ಅಂತ ಬೇರೆ ದೇಶದವರು ನಂಬಿದ್ದಕ್ಕೇ ಆ ಸೀಲಿಗೆ ಬೆಲೆ. ನಾನೇ ಸುಳ್ಳಿಂದ ಶುರು ಮಾಡಿದ್ರೆ ಮತ್ತೆ ಅದರಲ್ಲಿ ಎಂತ ಉಂಟು?"

ನಾನು ಅದೇ ಸಂಜೆ ಶಾಲೆಗೆ ಲ್ಯಾಮಿನೇಶನ್ನಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಮುಂದಿನ ಟರ್ಮ್ ಶುರುವಾಗುವವರೆಗೆ ಕಾಯುತ್ತೇವೆ, ಅದರಾಚೆಗೆ ಒಂದು ದಿನವೂ ಇಲ್ಲ ಎಂದು ಉತ್ತರ ಬಂತು.

ಮರುದಿನ ಅಪ್ಪ ತಾವೇ ಸ್ಟೂಲು ಹತ್ತಿ ಪದವಿಪತ್ರವನ್ನು ಇಳಿಸಿದರು. ಪ್ಲಾಸ್ಟಿಕ್ಕಿನ ಮೇಲಿನ ಎಣ್ಣೆಯ ಜಿಡ್ಡನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ನನ್ನ ಜೊತೆ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿನ ಗುಮಾಸ್ತರು ಮಾರ್ಕರಿನಿಂದ ಅದರ ಮೇಲೆ ಅಡ್ಡಡ್ಡ ಎರಡು ಕೆಂಪು ಗೆರೆ ಎಳೆದು ಡ್ರಾಯರಿಗೆ ಹಾಕಿದರು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಆಮೇಲೆ ಪ್ರತಿ ಸೋಮವಾರ ನಾನು ಅಲ್ಲಿ ಹಾಜರ್. ಸಹಿ ಮಾಡುವವರು ಇಲ್ಲ ಎಂದರೆ ಬರುವವರೆಗೆ ಕೂರುತ್ತಿದ್ದೆ, ಫೈಲು ಮೇಲಿನ ಮಾಳಿಗೆಯಲ್ಲಿದೆ ಎಂದರೆ ಮೇಲೆ ಹತ್ತುತ್ತಿದ್ದೆ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಹಠಮಾರಿ ಎಂದು ಸಣ್ಣಂದಿನಿಂದ ಮನೆಯಲ್ಲಿ ಬೈಸಿಕೊಂಡದ್ದು ಆಗ ಉಪಯೋಗಕ್ಕೆ ಬಂತು. ಕೊನೆಕೊನೆಗೆ ಗುಮಾಸ್ತರು ನನ್ನ ತಲೆ ಕಂಡ ಕೂಡಲೇ ಫೈಲು ಹುಡುಕತೊಡಗಿದರು. ಹೊಸ ಪ್ರತಿ ಬಂತು, ಬೆಂಗಳೂರಿನಲ್ಲಿ ದೃಢೀಕರಣವಾಯಿತು, ದಿಲ್ಲಿಯ ಅಪೊಸ್ಟಿಲ್ ಸೀಲು ಅದರ ಬೆನ್ನ ಮೇಲೆ ಕೂತಿತು. ಟರ್ಮ್ ಶುರುವಾಗಲು ಆರು ದಿನ ಉಳಿದಿತ್ತು.

ಮಸ್ಕತ್ತಿನ ಸರ್ಕಾರಿ ಕಚೇರಿಯಲ್ಲಿ ಕೌಂಟರಿನವನು ಸೀಲಿನ ನಂಬರನ್ನು ಕಂಪ್ಯೂಟರಿಗೆ ಹೊಡೆದು, ಪರದೆ ನೋಡಿ, ತಲೆಯಾಡಿಸಿ ಕಾಗದ ವಾಪಸು ಕೊಟ್ಟ. ನನ್ನ ವಿಶ್ವವಿದ್ಯಾಲಯದ ಹೆಸರನ್ನು ಅವನು ಕೇಳಿರಲಿಕ್ಕೂ ಇಲ್ಲ. ಆದರೂ ನಂಬಿದ. ಎರಡು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಬೇಸಿನ್ನಿನ ಪಕ್ಕದ ಆ ಮೊಳೆ ಖಾಲಿಯೇ ಇದೆ, ಕ್ಯಾಲೆಂಡರ್ ಹಾಕಲೂ ಅವರು ಬಿಡುವುದಿಲ್ಲ ಎಂದು ಅಮ್ಮ ಮೊದಲೇ ಹೇಳಿದ್ದಳು. ಕೆಲಸ ಆಯಿತು ಎಂದೆ.

"ಅಲ್ಲಿ ಯಾರು ಎಷ್ಟು ಹೇಳಿದ್ರೂ ಲ್ಯಾಮಿನೇಶನ್ ಮಾಡಿಸ್ಬೇಡ ಮಗಾ," ಎಂದರು ಅಪ್ಪ.