ಹುಲ್ಲುಗೋಡೆಯ ಮೇಲಿನ ಗೆರೆ

ನಮ್ಮ ಮನೆಯ ಗೋಡೆಯ ಮೇಲೆ ಒಂದು ಗೆರೆ ಬೆಳೆಯುತ್ತಿತ್ತು.

ಬಿರುಕಲ್ಲ. ತೇವವೂ ಅಲ್ಲ. ಹಾಲ್‌ನಿಂದ ಬಾತ್‌ರೂಮಿಗೆ ಹೋಗುವ ಪ್ಯಾಸೇಜಿನ ಗೋಡೆಯುದ್ದಕ್ಕೂ, ನನ್ನ ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ, ಮಸುಕಾದ ಒಂದು ಕಂದು ಗೆರೆ. ದೀಪಾವಳಿಗೆ ಇರಲಿಲ್ಲ. ಸಂಕ್ರಾಂತಿಗೆ ಇತ್ತು. ಶಿವರಾತ್ರಿಯ ಹೊತ್ತಿಗೆ ದೂರದಿಂದಲೇ ಕಾಣಿಸತೊಡಗಿತು.

ಯಾರ ಕೆಲಸ ಇದು?

ಮೊದಲು ಗೋಡೆಯ ಕಥೆ ಹೇಳಿಬಿಡುತ್ತೇನೆ. ಪುಣೆಯ ಬಿಬವೇವಾಡಿಯ ನಮ್ಮ ಫ್ಲ್ಯಾಟಿಗೆ ದೀಪಾವಳಿಯ ಮುಂಚೆ ಬಣ್ಣ ಹೊಡೆಸುವುದೆಂದು ಮಾತಾಗಿತ್ತು. ನಾನು ಅಂಗಡಿಗೆ ಹೋದವಳು ಬಣ್ಣ ಬಿಟ್ಟು ಹುಲ್ಲು ಆರಿಸಿಕೊಂಡು ಬಂದೆ. ಹೌದು, ಹುಲ್ಲು! ಒಣಹುಲ್ಲು, ಸೆಣಬು, ಬಾಳೆನಾರುಗಳನ್ನು ಮಗ್ಗದಲ್ಲಿ ನೇಯ್ದು, ಹಿಂದೆ ಕಾಗದ ಅಂಟಿಸಿ ಮಾಡಿದ ವಾಲ್‌ಪೇಪರ್. ಗ್ರಾಸ್‌ಕ್ಲಾತ್ ಎನ್ನುತ್ತಾರೆ. ಮುಟ್ಟಿದರೆ ಒರಟು, ಬಿಸಿಲು ಬಿದ್ದರೆ ಒಂದೊಂದು ಎಳೆಗೆ ಒಂದೊಂದು ಬಣ್ಣ. ಅಂಗಡಿಯಲ್ಲಿ ಹತ್ತು ನಿಮಿಷ ಅದನ್ನು ಸವರುತ್ತಲೇ ನಿಂತಿದ್ದೆ.

ಜೊತೆಗಿರುವ ನಮ್ಮ ಅತ್ತೆ ಧಾರವಾಡದವರು, ಎಪ್ಪತ್ತಾರು ವರ್ಷ. ಅವರೂ ಗೋಡೆಯನ್ನು ಸವರಿ ನೋಡಿದರು. "ನೆಲಕ್ಕ ಹಾಸೂ ಚಾಪಿ ಗ್ವಾಡಿಗೆ ಯಾಕ ಹಚ್ಚಿಸಿದ್ಯವಾ?" ಎಂದು ಕೇಳಿದರು.

ಅಂಟಿಸಲು ಬಂದವರು ಬಸವರಾಜಪ್ಪ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ಈಗ ವಾಲ್‌ಪೇಪರ್ ಕೆಲಸದಲ್ಲಿ ನುರಿತವರು. (ಇಬ್ಬರೂ ಎರಡು ತಾಸು ಮರಾಠಿಯಲ್ಲೇ ಮಾತಾಡಿದೆವು. ಅವರಿಗೆ ಮನೆಯಿಂದ ಫೋನ್ ಬಂದಾಗಲೇ ಕನ್ನಡದವರೆಂದು ಗೊತ್ತಾಗಿದ್ದು.) ಹೋಗುವಾಗ ಎರಡು ನಿಯಮ ಹೇಳಿದರು. ಒದ್ದೆ ಬಟ್ಟೆ ತಾಗಿಸಬಾರದು. ಎಣ್ಣೆಗೈ ಮುಟ್ಟಬಾರದು. ನಾರು ಏನು ಕೊಟ್ಟರೂ ಕುಡಿಯುತ್ತದೆ, ಆಮೇಲೆ ಬಿಟ್ಟುಕೊಡುವುದಿಲ್ಲ. ಪಟ್ಟಿಗೂ ಪಟ್ಟಿಗೂ ನಡುವಿನ ಜಾಯಿಂಟ್ ಎದ್ದು ಕಾಣುತ್ತದಲ್ಲ ಎಂದು ನಾನು ಮುಖ ಸಿಂಡರಿಸಿದೆ. ಹುಲ್ಲು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಜಾಯಿಂಟ್ ಮುಚ್ಚಲು ಬರುವುದಿಲ್ಲ ಎಂದರು.

ಅಂಥ ಗೋಡೆಯ ಮೇಲೆ ಈಗ ಗೆರೆ.

ಪತ್ತೇದಾರಿಕೆ ಶುರು ಮಾಡಿದೆ. ಮೊದಲ ಅನುಮಾನ ಒಂಬತ್ತನೇ ಕ್ಲಾಸಿನ ಮಗಳು ಈರಾಳ ಮೇಲೆ. ಚಿಪ್ಸ್ ತಿಂದ ಕೈ! ಗೋಡೆಯ ಪಕ್ಕ ನಿಲ್ಲಿಸಿ ಅಳತೆ ನೋಡಿದೆ. ಅವಳು ನನಗಿಂತ ಎತ್ತರ. ಆ ಗೆರೆ ಎಳೆಯಬೇಕಾದರೆ ಬಗ್ಗಿಕೊಂಡು ನಡೆಯಬೇಕು. "ಅಮ್ಮಾ, ಸೀರಿಯಸ್ಲಿ?" ಎಂದು ಒಳಗೆ ಹೋದಳು.

ಎರಡನೆಯವರು ಕೆಲಸಕ್ಕೆ ಬರುವ ಸುನಂದಾ ಮೌಶಿ. ಒದ್ದೆ ಬಟ್ಟೆ ತಾಗಿಸಿದಿರಾ ಎಂದು ಕೇಳಿದೆ. ನೀವೇ ಮುಟ್ಟಬೇಡ ಅಂದಿದ್ದಿರಿ, ನಾನು ಯಾಕೆ ಮುಟ್ಟಲಿ ಎಂದು ಮರಾಠಿಯಲ್ಲಿ ಹೇಳಿದರು. ಆ ದಿನ ಚಹಾ ಕುಡಿಯದೆ ಹೋದರು.

ಗಂಡನನ್ನು ಕೇಳಿದೆ. "ಯಾವ ಗೆರೆ?" ಎಂದರು. (ಗಂಡಂದಿರಿಗೆ ಗೋಡೆಯೇ ಕಾಣುವುದಿಲ್ಲ.)

ಕೊನೆಗೆ ಬಸವರಾಜಪ್ಪನವರಿಗೇ ಫೋನ್ ಮಾಡಿದೆ. ಕೆಟ್ಟ ಪಟ್ಟಿಗಳನ್ನು ಬದಲಿಸಿಕೊಡಿ ಎಂದೆ. ಬಂದರು. ಮೊಬೈಲ್ ಟಾರ್ಚ್ ಹಚ್ಚಿ, ಗೆರೆಯ ಜೊತೆಗೇ ಆ ತುದಿಯಿಂದ ಈ ತುದಿಗೆ ನಡೆದರು. ತಮ್ಮ ಕೈಯನ್ನು ಗೆರೆಯ ಮಟ್ಟಕ್ಕೆ ಇಳಿಸಿ, ಮುಟ್ಟದೆ, ಇನ್ನೊಮ್ಮೆ ನಡೆದರು. ಆಮೇಲೆ ಮೆಲ್ಲಗೆ ಹೇಳಿದರು:

"ಅಕ್ಕಾರ, ಇದು ಹುಡುಗರ ಕೈ ಅಲ್ರಿ. ಹುಡುಗರ ಕೈ ಮ್ಯಾಲ ಕೆಳಗ ಆಗತದ. ಇದು ಒಂದ ಮಟ್ಟಕ್ಕ ಹೋಗ್ಯಾದ. ಜಾಯಿಂಟ್ ಬಂದಲ್ಲಿ ನಿಂತಾದ, ನೋಡ್ರಿ, ಅಲ್ಲಿ ಕಪ್ಪು ಜಾಸ್ತಿ ಅದ. ಯಾರೋ ಗ್ವಾಡಿ ಹಿಡಕೊಂಡು ನಡೀಲಿಕತ್ತಾರ್ರಿ."

ಮನೆಯಲ್ಲಿ ಗೋಡೆ ಹಿಡಿದು ನಡೆಯುವವರು ಯಾರೂ ಇರಲಿಲ್ಲ. ಅಥವಾ ನಾನು ಹಾಗೆಂದುಕೊಂಡಿದ್ದೆ. ಪಟ್ಟಿ ಬದಲಿಸುವುದು ಸದ್ಯಕ್ಕೆ ಬೇಡ ಎಂದು ಅವರನ್ನು ಕಳಿಸಿದೆ.

ಮರುದಿನ ಮಧ್ಯಾಹ್ನ ಪೇಪರ್ ಹಿಡಿದು ಸೋಫಾದ ಮೇಲೆ ಸುಮ್ಮನೆ ಕೂತೆ. ಅತ್ತೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕುರ್ಚಿಯಿಂದ ಎದ್ದರು. ನೆಟ್ಟಗೆ, ಯಾವ ತಡಕಾಟವೂ ಇಲ್ಲದೆ ಹೊರಟರು. ಎಡಗೈಯ ಎರಡು ಬೆರಳು ಮಾತ್ರ ಗೋಡೆಯ ಮೇಲೆ, ಹಗುರವಾಗಿ. ಜಾಯಿಂಟ್ ಬಂದಾಗ ಬೆರಳು ಚೂರು ನಿಲ್ಲುತ್ತಿತ್ತು. ಒಂದು, ಎರಡು, ಮೂರು. ಬಾತ್‌ರೂಮಿನ ಬಾಗಿಲಿಗೆ ಸರಿಯಾಗಿ ತಿರುಗಿದರು.

ವಾಪಸು ಬರುವಾಗ ನನ್ನ ಪಕ್ಕದಲ್ಲೇ, ಕೈಗೆ ಎಟುಕುವಷ್ಟು ಹತ್ತಿರ ನಿಂತರು. ನಾನು ಅವರ ಬಲಕ್ಕೆ ಕೂತಿದ್ದೆ. ಎದುರಿಗೆ ನೋಡುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು: "ವಿದ್ಯಾ ಹೊರಗ ಹೋದಳೇನ?"

ವಿದ್ಯಾ ಅಂದರೆ ನಾನೇ.

ಸ್ವಲ್ಪ ಹೊತ್ತಾದ ಮೇಲೆ, ಆಗಷ್ಟೇ ಒಳಗಿನಿಂದ ಬಂದವಳ ಹಾಗೆ ಎದುರಿಗೆ ಹೋಗಿ ಕೂತು, ಗೋಡೆ ಯಾಕೆ ಹಿಡಿಯುತ್ತೀರಿ ಎಂದು ಕೇಳಿದೆ. ಮೊದಲು ಒಪ್ಪಲಿಲ್ಲ. ಕಾಲು ನೋವು ಎಂದರು. ಮತ್ತೆ ಕೇಳಿದಾಗ ಬಾಯಿಬಿಟ್ಟರು. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಹೀಗಾಗಿ ಎರಡು ವರ್ಷವಾಯಿತು. ವಯಸ್ಸಾದವರಿಗೆ ಹೀಗಾಗುವುದೇ ಎಂದುಕೊಂಡಿದ್ದರಂತೆ.

ಎರಡು ವರ್ಷ! ನಮಗೆ ಯಾಕೆ ಹೇಳಲಿಲ್ಲ?

"ಹೇಳಿದ್ರ ನೀವು ನನ್ನ ಭಾಜಿ ತರಾಕ ಬಿಡತಿದ್ದಿಲ್ಲ" ಎಂದರು ಅತ್ತೆ. "ಇಡೀ ದಿನದಾಗ ಅದೊಂದ ನಾ ಒಬ್ಬಾಕಿ ಹೋಗೂದು."

ಅವರು ಹೇಳಿದ್ದು ನಿಜ. ದಿನಾ ತರಕಾರಿಗೆ ಒಬ್ಬರನ್ನೇ ಬಿಡುತ್ತಿರಲಿಲ್ಲ.

ಆಮೇಲೆ ಅವರೇ ಗೋಡೆಯ ಕಡೆ ಕೈ ತೋರಿಸಿ, "ಈ ಚಾಪಿ ಗ್ವಾಡಿ ಚಲೋ ಅದ. ಬಣ್ಣದ ಗ್ವಾಡಿ ನುಣ್ಣಗ ಇತ್ತು, ಏನೂ ತಿಳೀತಿದ್ದಿಲ್ಲ" ಎಂದರು.

ಕಣ್ಣಿನ ಡಾಕ್ಟರ್ ಅರ್ಧ ದಿನ ಪರೀಕ್ಷೆ ಮಾಡಿದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಕೆಡುತ್ತದೆ. ನೋವಿಲ್ಲ, ಸುಳಿವಿಲ್ಲ, ಅಂಚಿನ ದೃಷ್ಟಿ ಮೊದಲು ಹೋಗುತ್ತದೆ. ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬಹುದು. ಇನ್ನಷ್ಟು ತಡವಾಗಿದ್ದರೆ ಉಳಿಸಿಕೊಳ್ಳಲು ಕಡಿಮೆ ಇರುತ್ತಿತ್ತು ಎಂದರು.

ಸುನಂದಾ ಮೌಶಿಗೆ ಕ್ಷಮೆ ಕೇಳಿ ಎಲ್ಲ ಹೇಳಿದೆ. ಅವರು ಪೊರಕೆ ಕೆಳಗಿಟ್ಟು ಒಂದು ಮಾತು ಹೇಳಿದರು. ಬಣ್ಣದ ಗೋಡೆ ಇದ್ದಾಗಲೂ ಅಲ್ಲೇ, ಅದೇ ಎತ್ತರದಲ್ಲಿ ಕಲೆ ಆಗುತ್ತಿತ್ತಂತೆ. ಪ್ರತಿ ಶನಿವಾರ ಅವರು ಒರೆಸಿಬಿಡುತ್ತಿದ್ದರಂತೆ. ಒರೆಸುವುದೇ ಅವರ ಕೆಲಸ, ಅದರಲ್ಲಿ ಹೇಳುವುದೇನಿತ್ತು? ನಾನೂ ಗೋಡೆ ಸ್ವಚ್ಛವಾಗಿದೆ ಎಂದು ಖುಷಿಯಾಗಿದ್ದೆ. ಎಷ್ಟು ಶನಿವಾರ, ಲೆಕ್ಕ ಹಾಕಲು ಮನಸ್ಸಾಗಲಿಲ್ಲ.

ಈಗ ಬೆಳಿಗ್ಗೆ, ಸಂಜೆ ಡ್ರಾಪ್ಸ್ ಹಾಕುವುದು ಈರಾಳ ಡ್ಯೂಟಿ. ಭಾಜಿ ಮಾರ್ಕೆಟ್ ನಿಂತಿಲ್ಲ. ಅತ್ತೆಯ ಜೊತೆ ನಾನೂ ಹೋಗುತ್ತೇನೆ, ರಸ್ತೆಯ ಕಡೆಗೆ ನಾನಿರುತ್ತೇನೆ. ಕೈ ಹಿಡಿಯಬಾರದೆಂಬುದು ಅವರ ಷರತ್ತು. ಚೌಕಾಸಿಯ ನಡುವೆ ಬಾಯಿ ಹಾಕಬಾರದೆಂಬುದು ಇನ್ನೊಂದು. ಗೋಡೆಯ ಪಟ್ಟಿ ಬದಲಿಸಲಿಲ್ಲ. ಗೆರೆ ಇನ್ನಷ್ಟು ಕಪ್ಪಾಗಿದೆ. ಬಂದ ನೆಂಟರೆಲ್ಲ ಮೊದಲು ಅದನ್ನೇ ನೋಡುತ್ತಾರೆ, ನೋಡಲಿ.

ಡಾಕ್ಟರ್ ಇನ್ನೊಂದು ಮಾತು ಹೇಳಿದ್ದರು. ಇದು ರಕ್ತಸಂಬಂಧದಲ್ಲಿ ಬರುವುದುಂಟು, ನಲವತ್ತು ದಾಟಿದ ಮಕ್ಕಳು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನ ಗಂಡನಿಗೆ ಐವತ್ತೊಂದು. ನಾಲ್ಕು ವಾರದಿಂದ "ನನಗೇನಾಗಿದೆ? ಮುಂದಿನ ಶನಿವಾರ ನೋಡೋಣ" ಎನ್ನುತ್ತಿದ್ದಾರೆ.

ಅವರು ಪ್ಯಾಸೇಜಿನಲ್ಲಿ ನಡೆಯುವಾಗ ಕೈ ಎಲ್ಲಿಡುತ್ತಾರೆ ಎಂದು ನಾನೀಗ ದಿನಾ ನೋಡುತ್ತಿದ್ದೇನೆ.