ಎರೆದು ಕೊಟ್ಟ ನೀರು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಹಾಲು ಕಾಸಿದೆ. ನಿನ್ನೆ ತಟ್ಟಿದ ಹಲಸಿನ ಹಪ್ಪಳಗಳನ್ನು ಚಾಪೆಯ ಮೇಲೆ ಮಗುಚಿ, ಕಾಗೆ ಹತ್ತಿರ ಬರದಿರಲಿ ಎಂದು ಹರಕು ಕೊಡೆ ಬಿಡಿಸಿಟ್ಟೆ. ಅಕ್ಕಿ ತೊಳೆದೆ. ಇವರ ಅಂಗಿಗೆ ಗುಂಡಿ ಹಚ್ಚಿದೆ. ಅಷ್ಟಾಗುವಾಗ ಬಾಯಾರಿತು. ನಲ್ಲಿಗೆ ಲೋಟ ಒಡ್ಡಿ ಒಂದು ಗುಟುಕು ಕುಡಿದರೆ ನಾಲಿಗೆಗೆ ಸಣ್ಣಗೆ ಉಪ್ಪು ಹತ್ತಿತು. ಬೇಸಗೆ ಹತ್ತಿರ ಬಂತೆಂದರೆ ಕುಮಟೆಯ ಈ ಕಡೆ ಹೀಗೇ. ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ... ಪಾದ್ರಿ ಅಮ್ಮ ನೆನಪಾದರು.

ಆಗ ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದ ಹೊಸತು. ಶರಾವತಿಗೆ ಇನ್ನೂ ಅಣೆಕಟ್ಟು ಆಗಿರಲಿಲ್ಲ. ನಮ್ಮ ಬೇಲಿಯಾಚೆ ಮಿಶನ್ ಕಂಪೌಂಡು. ಒಂದು ಹಂಚಿನ ಬಂಗಲೆ, ಅದರ ಹಿಂದೆ ಅವರ ದೇವರನ್ನು ನಂಬಿದ ಕೆಲವು ಬಡ ಕುಟುಂಬಗಳ ಸಣ್ಣ ಮನೆಗಳು. ಬಂಗಲೆಯಲ್ಲಿದ್ದವರು ಇಬ್ಬರೇ, ಪಾದ್ರಿಗಳು ಮತ್ತು ಅವರ ಹೆಂಡತಿ. ಪ್ರಾಯದಲ್ಲಿ ಕಡಲು ದಾಟಿ ಬಂದವರು ನಮ್ಮ ಊರಲ್ಲೇ ಹಣ್ಣಾಗಿದ್ದರು. ಬೆಳಿಗ್ಗೆ ಪಾದ್ರಿಗಳು ಜಗಲಿಯಲ್ಲಿ ಕುಳಿತು ಕಜ್ಜಿಗೆ, ಚಳಿಜ್ವರಕ್ಕೆ ಔಷಧ ಕೊಡುತ್ತಿದ್ದರು. ಅಮ್ಮ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಕೆಸರು ಮೆಟ್ಟಿಕೊಂಡು ಒಳಗೆ ಬಂದ ಗಂಡನನ್ನು ಅವರು ತಮ್ಮ ಭಾಷೆಯಲ್ಲಿ ಗದರುವುದು ನನಗೆ ಹಿತ್ತಿಲಿಗೆ ಕೇಳುತ್ತಿತ್ತು. ಪಾದ್ರಿಗಳು ಮಾತ್ರ ನಮ್ಮ ಮಾತಿನಲ್ಲೇ, “ಆತು, ಆತು” ಎನ್ನುತ್ತಿದ್ದರು.

ಫಾಲ್ಗುಣ ಬಂದರೆ ಹೊಳೆಯ ಸಿಹಿನೀರು ಸೊರಗಿ, ಭರತದ ಹೊತ್ತಿಗೆ ಸಮುದ್ರದ ನೀರು ಮೇಲಕ್ಕೇರಿ, ತಗ್ಗಿನ ಬಾವಿಗಳೆಲ್ಲ ಉಪ್ಪಾಗುತ್ತಿದ್ದವು. ಕಂಪೌಂಡಿನ ಬಾವಿಯೂ ಹಾಗೇ. ಗುಡ್ಡದ ಬುಡದಲ್ಲಿದ್ದ ನಮ್ಮ ಬಾವಿ ಮಾತ್ರ ಸಿಹಿ. ಕಂಪೌಂಡಿನ ಹೆಂಗಸರು ನೀರಿಗೆ ಬರುತ್ತಿದ್ದರು, ಆದರೆ ಕಟ್ಟೆ ಹತ್ತುವಂತಿರಲಿಲ್ಲ. ಅಂಗಳದಂಚಿಗೆ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ಕೊಡವಿಟ್ಟು ದೂರ ನಿಲ್ಲಬೇಕು. ಅತ್ತೆ ನೀರು ಸೇದಿ, ಕೊಡಕ್ಕೆ ಕೊಡ ತಾಗದಂತೆ ಮೇಲಿನಿಂದ ಎರೆಯುತ್ತಿದ್ದರು. ಅರ್ಧ ನೀರು ಕಲ್ಲಿಗೇ ಹೋಗುತ್ತಿತ್ತು.

ಪಾದ್ರಿಯವರ ಮನೆಗೆ ಮಾತ್ರ ನಮ್ಮ ಬಾವಿಯ ನೀರು ಹೋಗುತ್ತಿರಲಿಲ್ಲ. ಅದೇಕೆಂದು ಕೇಳಿದಾಗ ಅತ್ತೆ ಹಳೆಯ ಸಿಟ್ಟನ್ನೆಲ್ಲ ಹೊರಗೆ ಹಾಕಿದರು. “ನಾ ಆ ಪಾದ್ರಿ ಹೆಂಡ್ತಿಗೆ ಬೇಡ ಹೇಳಿದ್ನಾ? ಬಿಳಿ ಜನ, ದೊಡ್ಡವ್ರು, ಮೇಲೆ ಬಂದು ಸೇದ್ಕಳಿ ಅಂದಿ. ಅದು ತನ್ನ ಅಡಿಗೆಯವಳನ್ನೂ ಕಟ್ಟೆ ಹತ್ಸಲೆ ಹೋತು. ಅವಳಿಗೆ ಆಗ್ತಿಲ್ಲೆ ಅಂದಿ ನಾನು. ಸೇದಿದ ನೀರನ್ನ ಬಾಳೆಬುಡಕ್ಕೆ ಚೆಲ್ಲಿಕ್ಕಿ ಹೋತಲೇ ಕೂಸೆ!” ಕಂಪೌಂಡಿನ ತಮ್ಮವರು ಕಟ್ಟೆ ಹತ್ತುವವರೆಗೆ ಈ ಬಾವಿಯ ನೀರು ಮುಟ್ಟುವುದಿಲ್ಲ ಎಂದು ಅಮ್ಮ ಅಂದು ಆಡಿದ ಮಾತು. ಆಮೇಲೆ ಎಷ್ಟು ಬೇಸಗೆ ಕಳೆದರೂ ಅವರು ಸಪ್ಪೆ ಮುಖ ಮಾಡಿಕೊಂಡು ಉಪ್ಪುನೀರೇ ಕುಡಿದಿದ್ದರು.

ಆ ವರ್ಷ ಅಮ್ಮನ ಕಾಲು ಬಾತವು. ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಕುಮಟೆಯ ಡಾಕ್ಟರು ನೋಡಿ, ಉಪ್ಪು ಕೂಡದು, ಊಟದಲ್ಲೂ ಕೂಡದು, ನೀರಿನಲ್ಲೂ ಕೂಡದು ಎಂದರಂತೆ. ಎಳನೀರನ್ನೂ ಬೇಡ ಎಂದರಂತೆ. ಆವತ್ತಿನಿಂದ ಪಾದ್ರಿಗಳು ಮರಳು ತರಲು ಹೋಗುವ ರೇತಿ ದೋಣಿ ಹತ್ತಿ ಹೊಳೆಯ ಮೇಲ್ಗಡೆ ಹೋಗಿ ಒಂದು ಕೊಡ ಸಿಹಿನೀರು ತರತೊಡಗಿದರು. ಆ ವಯಸ್ಸಿನಲ್ಲಿ ಕೊಡ ತಬ್ಬಿಕೊಂಡು ದೋಣಿಯ ಮೂತಿಯಲ್ಲಿ ಕುಳಿತು ಬರುವುದನ್ನು ಪೇಟೆಯ ಜನ ನಿಂತು ನೋಡುತ್ತಿದ್ದರು. “ಪಾದ್ರಿಗಳೇ, ಗಂಗೆ ತಂದ್ರಾ?” ಎಂದು ಮೀನಿನ ಹೆಂಗಸರು ತಮಾಷೆ ಮಾಡಿದರೆ, “ಗಂಗೆ ಅಲ್ಲ ಮಾರಾಯ್ತಿ, ಚಾಕರಿ” ಎನ್ನುತ್ತಿದ್ದರು.

ಸುಗ್ಗಿ ಬಂತು. ದೋಣಿಯವರೆಲ್ಲ ತಲೆಗೆ ಸುಗ್ಗಿ ಕುಣಿತದ ತುರಾಯಿ ಕಟ್ಟಿಕೊಂಡು ಮನೆಮನೆಗೆ ಕುಣಿಯಲು ಹೋದರು. ಹೋಳಿ ಮುಗಿಯದೆ ಒಂದು ದೋಣಿಯೂ ಮೇಲಕ್ಕೆ ಹೋಗುವಂತಿರಲಿಲ್ಲ. ಪಾದ್ರಿಗಳು ದಂಡೆ ಹಿಡಿದು ನಡೆದೇ ಹೋದರು. ಮಧ್ಯಾಹ್ನದ ಬಿಸಿಲಲ್ಲಿ ತಿರುಗಿ ಬಂದಾಗ ಅಂಗಿಯೆಲ್ಲ ಒದ್ದೆ, ಕೊಡದಲ್ಲಿ ತಳಕ್ಕಷ್ಟು ನೀರು. ಮಾರನೆಯ ದಿನ ಅವರಿಗೆ ಏಳಲಾಗಲಿಲ್ಲ. ಸೊಂಟ ಹಿಡಿದಿತ್ತು. ಆಮೇಲೆ ಸ್ಟೋವಿನ ಮೇಲೆ ಬಾವಿಯ ನೀರು ಕುದಿಸಿ, ಮೇಲೆ ತಾಟು ಕವುಚಿ, ತಾಟಿಗೆ ಕಟ್ಟಿದ ಹನಿಯನ್ನು ಚಮಚದಲ್ಲಿ ಗೀರಿ ಗೀರಿ ಲೋಟಕ್ಕೆ ಇಳಿಸುತ್ತಿದ್ದರು. ನಾನು ಉಪ್ಪಿಲ್ಲದೆ ಹುರಿದ ಭತ್ತದ ಹೊದಳು ತೆಗೆದುಕೊಂಡು ಹೋದಾಗ ಕಂಡದ್ದು ಅದು. ಎರಡು ಹನಿ ನೆಲಕ್ಕೆ ಬಿದ್ದರೆ ಆ ದೊಡ್ಡ ಜೀವ ನೆಲ ನೋಡುತ್ತ ಕೂರುತ್ತಿತ್ತು...

ಕಂಪೌಂಡಿನ ಹೆಂಗಸರು ತಮ್ಮ ಕೊಡದ್ದನ್ನು ಕೊಡಲು ಹೋದರು. ಅದೇ ಬಾವಿಯದಲ್ಲವೇ ಎಂದು ಅಮ್ಮ ಮುಟ್ಟಲಿಲ್ಲ. ಅತ್ತೆ ಮಲಗಿದ ಹೊತ್ತು ನೋಡಿ ನಾನೂ ಒಂದು ತಂಬಿಗೆ ಒಯ್ದೆ. ಅಮ್ಮನ ತುಟಿ ಒಡೆದಿತ್ತು. ತಂಬಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

“ನಮ್ಮವರು ಕಟ್ಟೆ ಹತ್ತಬಹುದಾ, ಮಗಳೇ?”

ತಂಬಿಗೆ ತಿರುಗಿ ತಂದೆ.

ಮರುದಿನ ಬೆಳಿಗ್ಗೆ ಕಲ್ಲಿನ ಹತ್ತಿರ ಹೆಂಗಸರ ಸಾಲಿನ ಕೊನೆಗೆ ಪಾದ್ರಿಗಳು ನಿಂತಿದ್ದರು. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈ ಸೊಂಟದ ಮೇಲೆ. ಹೆಂಗಸರು ಗಾಬರಿಯಾಗಿ ಸರಿದರು. ಒಬ್ಬಳೆಂದಳು, “ನೀವು ಮುಂದೆ ಬನ್ನಿ. ನಮ್ಮ ಕೊಡ ಕಾಯ್ತದೆ.”

“ಕೊಡ ಕಾಯ್ತದೆ. ಒಲೆ ಮೇಲೆ ಇಟ್ಟು ಬಂದ ಅನ್ನ ಕಾಯ್ತದಾ? ಮೊದಲು ನೀನು” ಎಂದರು ಪಾದ್ರಿಗಳು. ಯಾರೂ ನಗಲಿಲ್ಲ.

ಅವರ ಸರದಿ ಬಂದಾಗ ಅತ್ತೆ ಕೊಡಪಾನ ಇಳಿಸಿಬಿಟ್ಟರು. “ಇದೆಂತದು ಪಾದ್ರಿಗಳೇ! ನಿಮಗೆ ಅಲ್ಲಿ ನಿಲ್ಲಿ ಅಂದವ್ರು ಯಾರು? ಮೇಲೆ ಬನ್ನಿ, ನೀವೇ ಸೇದ್ಕಳಿ.”

“ಬೇಡ ಅಮ್ಮ. ಇವರಿಗೆ ಹೇಗೋ ನನಗೂ ಹಾಗೇ. ಎರೀರಿ.”

ಅವರು ಕಲ್ಲಿನ ಮೇಲೆ ಕೊಡವಿಟ್ಟು, ಎಲ್ಲರಂತೆ ಹಿಂದೆ ಸರಿದು ನಿಂತರು. ಅತ್ತೆ ಎತ್ತಿ ಎರೆದರು. ನೀರು ಕೊಡದ ಬಾಯಿ ತಪ್ಪಿ ಪಾದ್ರಿಗಳ ಪಾದದ ತನಕ ಹರಿಯಿತು. ಕೊಡ ತುಂಬಿದ ಮೇಲೆ ಅತ್ತೆ ಒಳಗೆ ಬಂದು ಗೋಡೆಗೊರಗಿ ಕುಳಿತರು. “ನಾಳೆಯಿಂದ ನೀನೇ ಎರಿ ಕೂಸೆ. ನಂಗೆ ಕೈ ಏಳ್ತಿಲ್ಲೆ.” ಹೆಂಗಸರೂ ಕಟ್ಟೆ ಹತ್ತಲಿ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ಕೊಡ ಹೊರಲು ಪಾದ್ರಿಗಳಿಗೆ ಆಗದೆಂದು ಅಡಿಗೆಯ ಹೆಂಗಸು ಹೊತ್ತಳು. ನಾನೂ ಬೇಲಿ ದಾಟಿ ಜೊತೆಗೆ ಹೋದೆ. ಪಾದ್ರಿಗಳು ಹೆಂಡತಿಯನ್ನು ಎಬ್ಬಿಸಿ ಕೂರಿಸಿ ಲೋಟ ಹಿಡಿದರು. ಅಮ್ಮ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ರುಚಿ ನೋಡಿದರು. ನುಂಗಿದ ಮೇಲೆ ಕೇಳಿದರು. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಕೇಳಿದರು.

“ಇದು ಹೊಳೆಯದಲ್ಲ. ಎಲ್ಲಿ ನಿಂತು ತಂದಿರಿ?”

“ಕಲ್ಲಿನ ಹತ್ತಿರ. ಅವರ ಸಂಗಡ” ಎಂದರು ಪಾದ್ರಿಗಳು. ಲೋಟ ಹಿಡಿದ ಹಾಗೇ, “ನನ್ನಿಂದ ಆಗಲಿಲ್ಲ” ಎಂದರು. ಗಲ್ಲ ಅದುರುತ್ತಿತ್ತು.

ಅಮ್ಮ ಗಂಡನ ಮುಖ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಲೋಟ ಹಿಡಿದು ಪೂರಾ ಕುಡಿದರು. ಗದ್ದಕ್ಕೆ ಇಳಿದದ್ದನ್ನು ಬೆರಳಲ್ಲಿ ಒರೆಸಿ ಅದನ್ನೂ ನೆಕ್ಕಿದರು. “ಬಾಯಾರಿಕೆ ಆಗಿತ್ತು” ಎಂದರು.

ಅಂದಿನಿಂದ ದಿನಾ ಪಾದ್ರಿಗಳು ಸಾಲಿನಲ್ಲಿ ನಿಂತರು, ನಾನು ಎರೆದೆ. ಬಾವು ಇಳಿಯಲೇ ಇಲ್ಲ. ಕಾಲಿನದು ಹೊಟ್ಟೆಗೆ ಏರಿತು, ಹೊಟ್ಟೆಯದು ಉಸಿರಿಗೆ. ಮುಂಗಾರಿನ ಮಿರ್ಗದ ಮಳೆ ಬೀಳುವ ಮೊದಲೇ ಅಮ್ಮ ತೀರಿಕೊಂಡರು. ಕಂಪೌಂಡಿನ ಹಿಂದೆ ಗೇರು ಮರಗಳ ಕೆಳಗೆ ಮಣ್ಣು ಮಾಡಿದರು. ನೆಲ ಕಲ್ಲಿನಂತಿತ್ತು, ಅಗೆಯಲು ಬೆಳಗಿನಿಂದ ಮಧ್ಯಾಹ್ನವಾಯಿತು.

ಮಾರನೆಯ ಬೆಳಿಗ್ಗೆ ನೀರಿನ ಹೆಂಗಸರು ಬಂದರು. ಪಾದ್ರಿಗಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಡಿಗೆಯ ಹೆಂಗಸನ್ನು ಕೇಳಿದೆ.

“ಕಂಪೌಂಡಿನ ಬಾವಿದೇ ಕುಡೀತಾರೆ. ಉಪ್ಪಲ್ವಾ ಅಂದ್ರೆ, ಇರ್ಲಿ ಬಿಡು ಅಂತಾರೆ” ಎಂದು ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು.

ಮಳೆಗಾಲ ಮುಗಿದ ಮೇಲೆ ಅವರ ಕಡೆಯವರು ಯಾರೋ ಬಂದು ಪಾದ್ರಿಗಳನ್ನು ಕರೆದುಕೊಂಡು ಹೋದರು. ಎಲ್ಲಿ ತೀರಿದರೋ ತಿಳಿಯಲಿಲ್ಲ. ಅತ್ತೆಯೂ ಹೋದರು. ಅಮ್ಮ ಆ ನೀರು ಕುಡಿದದ್ದು ಬಾಯಾರಿಕೆಗೋ, ಗಂಡನ ಆ ಮುಖ ನೋಡಲಾರದೆಯೋ... ಈಗ ಕೇಳೋಣವೆಂದರೆ ಗಂಡಹೆಂಡತಿ ಇಬ್ಬರೂ ಇಲ್ಲ. ಇದ್ದಾಗ ಕೇಳುವ ಧೈರ್ಯ ಯಾರಿಗಿತ್ತು?

ಇವತ್ತು ರಾತ್ರಿ ಅನ್ನ, ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ. ಇವರು ಉಂಡವರೇ ಮಲಗಿದರು, ದಿಂಬಿಗೆ ತಲೆ ತಾಗುವುದರೊಳಗೆ ಗೊರಕೆ. ನಾನು ಇನ್ನೂ ಕೂತೇ ಇದ್ದೇನೆ.