‘ನಾನು’ ಎಂದು ಬರೆದ ಕಥೆ

ಕೇಬಲ್ ಟಿವಿ ಇನ್ನೂ ನಮ್ಮ ಚಾಮರಾಜಪೇಟೆಯ ವಠಾರಕ್ಕೆ ಕಾಲಿಡದಿದ್ದ ದಿನಗಳು. ಬೇಸಿಗೆ ರಜೆಯಲ್ಲಿ ಚೌಕಾಬಾರ ಆಡಿ ಆಡಿ ಬೇಜಾರಾಗಿ ನಾವು ಮಕ್ಕಳು ಕೈಬರಹದ ಪತ್ರಿಕೆ ಶುರು ಮಾಡಿದೆವು. ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಬೇಕು, ಓದಿದವರು ಕೊನೆಯ ಪುಟದಲ್ಲಿ ಸಹಿ ಹಾಕಬೇಕು. ನನ್ನ ಅಕ್ಕನೇ ಸಂಪಾದಕಿ. ನನಗೆ ಹನ್ನೊಂದು ವರ್ಷ, ಕಥೆಗಾರ್ತಿಯೆಂಬ ಜಂಬ ಬೇರೆ.

ಕೊನೆಯ ಮನೆಯ ಸರಳಾ ಆಂಟಿ ಹಪ್ಪಳ ಲಟ್ಟಿಸಲು ನಮ್ಮಲ್ಲಿಗೆ ಬರುತ್ತಿದ್ದರು. ಒಂದು ದಿನ ಇಂಗಿನ ಘಮದ ಹಸಿ ಹಿಟ್ಟನ್ನು ನನ್ನ ಬಾಯಿಗಿಟ್ಟು ಪಿಸುಗುಟ್ಟಿದರು.

“ಅಂಕಲ್ ಆಫೀಸಿಗೆ ಹೋದ್ಮೇಲೆ ಟೈಪಿಂಗ್ ಕ್ಲಾಸಿಗೆ ಹೋಗ್ತಿದೀನಿ ಪುಟ್ಟಿ. ಮುಂದಿನ ವಾರ ಪರೀಕ್ಷೆ. ಪಾಸಾದ್ರೆ ಕೆಲಸ ಸಿಗತ್ತೆ. ಯಾರಿಗೂ ಹೇಳ್ಬೇಡ. ಅವ್ರಿಗೆ ಗೊತ್ತಾದ್ರೆ ಮುಗೀತು.”

ಅವರ ತೋಳಿನ ಮೇಲೆ ಕಂದುಗಟ್ಟಿದ ಕಲೆಯಿತ್ತು. ಏನೆಂದು ನಾನು ಕೇಳಲಿಲ್ಲ.

ಯಾರಿಗೂ ಹೇಳಲೂ ಇಲ್ಲ. ಕಥೆ ಬರೆದೆ, ಅಷ್ಟೆ. ಹೆಸರು ಬದಲಿಸಿ, ಊರನ್ನು ಮೈಸೂರು ಮಾಡಿದ್ದೆ. “ಅವಳು ಹೋದಳು, ಅವಳು ಬಂದಳು” ಎಂಬುದನ್ನು ಓದಿ ಅಕ್ಕ ಮೂಗು ಮುರಿದಳು.

“ಸಪ್ಪೆ ಕಣೇ. ಅವಳ ಬಾಯಲ್ಲೇ ಹೇಳ್ಸು. ನಾನು ಅಂತ ಬರಿ.”

ಹಾಗೇ ಬರೆದೆ. ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ದಾಟುವುದು, ಹಪ್ಪಳದ ಮಣೆಯ ಮೇಲೆ ಬೆರಳು ಕುಟ್ಟಿ ಅಭ್ಯಾಸ ಮಾಡುವುದು, ಎಲ್ಲ ತಾನಾಗಿ ಬಂತು. ಬರೆಯುತ್ತ ಬರೆಯುತ್ತ ನನ್ನ ಎದೆಯೇ ಡವಗುಟ್ಟಿತು. ಎಷ್ಟು ಖುಷಿಪಟ್ಟೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅಂಕಲ್ ಮಕ್ಕಳ ಪತ್ರಿಕೆ ಓದುವವರೆಂದು ನನಗೆ ಹೊಳೆದಿರಲೇ ಇಲ್ಲ. ಭಾನುವಾರ ಅದನ್ನು ವಾಪಸ್ ಕೊಡಲು ಅವರೇ ಬಂದರು. ಸಹಿ ಹಾಕಿರಲಿಲ್ಲ.

“ಚೆನ್ನಾಗಿ ಬರ್ದಿದೀಯ ಪುಟ್ಟಿ. ಈ ‘ನಾನು’ ಯಾರು?”

“ನಾನೇ ಅಂಕಲ್.”

“ಹೌದಾ? ನಿಂಗೆ ಟೈಪಿಂಗ್ ಬರತ್ತಾ?”

ನಗುತ್ತಲೇ ಕೇಳಿದರು. ನಾನು ನೆಲ ನೋಡಿದೆ. ನನ್ನ ತಲೆ ಸವರಿ, ಅವಸರವೇನೂ ಇಲ್ಲದೆ ಮನೆಯತ್ತ ನಡೆದರು. ಬಾಗಿಲು ಮುಚ್ಚಿತು. ಆ ಸೆಕೆಯಲ್ಲೂ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗಿನಿಂದ ಸದ್ದೇ ಬರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಪರೀಕ್ಷೆಯ ದಿನ ಗೇಟಿನ ಹತ್ತಿರ ಕಾದೆ. ಅಂಕಲ್ ರಜೆ ಹಾಕಿ, ಪೇಪರ್ ಹಿಡಿದು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಂಟಿ ಹೊರಗೆ ಬರಲಿಲ್ಲ.

ತಿಂಗಳಾದ ಮೇಲೆ ನಲ್ಲಿಯ ಬಳಿ ಸಿಕ್ಕರು, ಇಳಿದುಹೋಗಿದ್ದರು.

“ಆಂಟಿ, ನಿಮ್ಮ ಹೆಸರು ಬರ್ದಿರ್ಲಿಲ್ಲ ನಾನು.”

ಅವರು ಕೊಡ ಎತ್ತಿಕೊಂಡರು. “ಗೊತ್ತು ಪುಟ್ಟಿ. ನಾನೂ ಓದ್ದೆ. ನಾನೇ ಮಾತಾಡ್ದಂಗಿತ್ತು.”

ವಠಾರ ಹೋಗಿ ಅಲ್ಲೀಗ ಅಪಾರ್ಟ್‌ಮೆಂಟ್ ಎದ್ದಿದೆ. ಅದಕ್ಕೆ ಮರುಗುವವರು ಬೇಕಾದಷ್ಟು ಜನರಿದ್ದಾರೆ. ನನ್ನ ಸಂಕಟ ಬೇರೆ. ಇವತ್ತಿಗೂ ಕಥೆಯನ್ನು ‘ಅವಳು’ ಎಂದೇ ಶುರು ಮಾಡುತ್ತೇನೆ. ಅದರಿಂದ ಆಂಟಿಗೇನೂ ಆಗಬೇಕಾದ್ದಿಲ್ಲ. ಅವರು ಮತ್ತೆ ಆ ಪರೀಕ್ಷೆಗೆ ಕೂರಲೇ ಇಲ್ಲ.